ಹುಳ ಹಣ್ಣಾದರೆ ಸಮುದ್ರಕ್ಕೆ ಬರುತ್ತೇನೆಂದರು

ತಿಪ್ಪಸಂದ್ರದಲ್ಲಿ ಮಾಗಡಿ ಕಡೆಯ ಬೆಳಗಿನ ಬಸ್ಸಿಗೆ ನನ್ನನ್ನು ಹತ್ತಿಸಿ, ಬ್ಯಾಗನ್ನು ಕಿಟಕಿಯಿಂದ ಒಳಗೆ ಕೊಟ್ಟ ನಮ್ಮನೆಯವರು ಬಸ್ಸು ಹೊರಡುವವರೆಗೂ ನಿಲ್ಲಲಿಲ್ಲ. ಹುಳಕ್ಕೆ ಬೆಳಗಿನ ಸೊಪ್ಪು ಹಾಕುವ ಹೊತ್ತಾಗಿತ್ತು. ಬೈಕು ತಿರುಗಿಸಿಕೊಂಡು ಹೋದವರ ಬೆನ್ನು ನೋಡುತ್ತಾ, ಎರಡು ಸಾವಿರ ಕಿಲೋಮೀಟರಿಗೂ ಆಚೆ ಇರುವ ಮರಳುಗಾಡಿಗೆ ನಾನೊಬ್ಬಳೇ ಹೊರಟೆ.

ರೇಷ್ಮೆ ಹುಳ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹುಳ ಮನೆಯಲ್ಲಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಊರು ಬಿಡುವ ಹಾಗಿಲ್ಲ. ಒಂದು ಬೆಳೆ ಮುಗಿಸಿ, ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕಿ ಬಂದರೆ, ಹುಳದ ಮನೆ ತೊಳೆದು ಮುಂದಿನ ಬೆಳೆಗೆ ಅಣಿ ಮಾಡಬೇಕು. ಅಷ್ಟರಲ್ಲಿ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಚಿಗುರಿ ನಿಂತಿರುತ್ತದೆ. ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾನು ಹೆಂಗಸರ ಜೊತೆ ಧರ್ಮಸ್ಥಳಕ್ಕೆ ಹೋಗಿದ್ದೇನೆ, ಅವರು ಗಂಡಸರ ಜೊತೆ ತಿರುಪತಿಗೆ ಹೋಗಿದ್ದಾರೆ. ಒಬ್ಬರು ಹೋದರೆ ಒಬ್ಬರು ಮನೆಯಲ್ಲಿ. ಮಗಳ ಮದುವೆಯನ್ನೂ ಎರಡು ಬೆಳೆಗಳ ನಡುವಿನ ಹತ್ತು ದಿನಗಳಲ್ಲೇ ಇಟ್ಟುಕೊಂಡೆವು. ಅದೇ ಒಳ್ಳೆಯ ಮುಹೂರ್ತ ಎಂದು ಕುಣಿಗಲ್ಲಿನ ಬೀಗರನ್ನು ಒಪ್ಪಿಸಿದ್ದು ಬೇರೆ ಮಾತು.

ನನ್ನ ತಮ್ಮ ಶಿವರಾಜ ಸೇನೆಯಲ್ಲಿದ್ದಾನೆ. ಮೂರು ವರ್ಷದಿಂದ ಹೆಂಡತಿ ರೂಪ, ಮಗಳು ಚಿನ್ನಿಯ ಜೊತೆ ಜೋಧಪುರದಲ್ಲಿದ್ದ. ಜನವರಿಯಲ್ಲಿ ಅಸ್ಸಾಮಿನ ಕಡೆಗೆ ವರ್ಗ ಆಗುವುದಿತ್ತು. ಅದಕ್ಕೆ ಮುಂಚೆ ಅಕ್ಕ, ಭಾವ ಒಂದು ಸಲ ಬಂದರೆ ತನ್ನ ಕಾರಿನಲ್ಲೇ ಜೈಸಲ್ಮೇರ್, ಬಾಡಮೇರ್ ಸುತ್ತಿಸಿ, ಭುಜ್ ಮೇಲೆ ಹಾದು ಮಾಂಡವಿಯ ಸಮುದ್ರದ ಬಳಿ ಎರಡು ರಾತ್ರಿ ಉಳಿಸುತ್ತೇನೆ ಎಂದಿದ್ದ. ನಾವಿಬ್ಬರೂ ಸಮುದ್ರ ನೋಡಿದವರಲ್ಲ. ಬೆಳೆ ಮುಗಿಯುವ ದಿನ ಲೆಕ್ಕ ಹಾಕಿಯೇ ಒಪ್ಪಿಕೊಂಡಿದ್ದೆವು. ಆದರೆ ಮರಿಹುಳ ಬಂದದ್ದೇ ನಾಲ್ಕು ದಿನ ತಡವಾಗಿ. ಅದರ ಮೇಲೆ ಡಿಸೆಂಬರಿನ ಚಳಿ. ಚಳಿಗೆ ಹುಳ ನಿಧಾನವಾಗಿ ತಿನ್ನುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಶಿವರಾಜನ ರಜೆ ನಮ್ಮ ಹುಳಕ್ಕೆ ಕಾಯುವಂಥದ್ದಲ್ಲ.

ಹೊರಡುವ ಹಿಂದಿನ ದಿನ ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದು ದಿನವಿಡೀ ತಲೆಯೆತ್ತಿ ಅಲ್ಲಾಡದೆ ಕೂತಿರುತ್ತದೆ. ಆಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ. ನಾಲ್ಕನೇ ಜ್ವರ ಕಳೆದ ಮೇಲೆ ಏಳೆಂಟು ದಿನ ಬಿಡದೆ ತಿಂದು ಹಣ್ಣಾಗುತ್ತದೆ, ಅಂದರೆ ಮೈಯ ಹಸಿರು ಹೋಗಿ ಹಳದಿ ಬಣ್ಣ ತಿರುಗುತ್ತದೆ. ಹಣ್ಣಾದದ್ದನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟಿಕೊಳ್ಳುತ್ತದೆ. ಆಮೇಲೆ ಗೂಡು ಬಿಡಿಸುವವರೆಗೆ ಐದಾರು ದಿನ ಸೊಪ್ಪಿನ ಕೆಲಸವಿಲ್ಲ. ಆ ಐದಾರು ದಿನದ ಮೇಲೆ ನಮ್ಮನೆಯವರ ಕಣ್ಣು ಬಿತ್ತು.

"ನೀನ್ ಹೋಗು ಜಯಾ," ಎಂದರು. "ಹಣ್ಣಾದೇಟ್ಗೆ ಚಂದ್ರಂಕಿಗೆ ಬುಟ್ಟು ಪುಟ್ತಾಯಮ್ಮನ್ನ ಕಾವ್ಲಿಗೆ ಮಡಗಿ, ಸಮುದ್ರದ್ ತಾವ ನಾನೂ ಬತ್ತೀನಿ."

ಪುಟ್ಟತಾಯಮ್ಮ ಪಕ್ಕದ ಮನೆಯವರು. ನಾನು ಹೂಂ ಎಂದೆ. ನಂಬಿಕೆ ಅರ್ಧ, ಆಸೆ ಪೂರ್ತಿ.

ಬೆಂಗಳೂರಿನಿಂದ ಜೋಧಪುರಕ್ಕೆ ರೈಲಿನಲ್ಲಿ ಎರಡು ರಾತ್ರಿ. ಎದುರು ಸೀಟಿನಲ್ಲಿ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿಯಿರುವ ಮಾರವಾಡಿ ಕುಟುಂಬವೊಂದು ಊರಿಗೆ ಹೊರಟಿತ್ತು. ಅವರ ಮನೆಯ ಅಜ್ಜಿ ಪೂರಿ, ಮೆಣಸಿನಕಾಯಿ ಉಪ್ಪಿನಕಾಯಿ ಕೊಟ್ಟರು, ನಾನು ಕೋಡುಬಳೆ ಕೊಟ್ಟೆ. ಗುಜರಾತಿನಲ್ಲಿ ಬೆಳಗಾದಾಗ ಹತ್ತಿಯ ಹೊಲಗಳು, ಸಂಜೆ ಹೊತ್ತಿಗೆ ಮುಳ್ಳು ಗಿಡಗಳು. ಪ್ರತಿ ಸ್ಟೇಷನ್ನಿನಲ್ಲೂ ಫೋನ್ ತೆಗೆದು ನೋಡುತ್ತಿದ್ದೆ. ಬೆಳಿಗ್ಗೆ ಒಂದು, ಸಂಜೆ ಒಂದು ಹುಳದ ಫೋಟೋ ಕಳಿಸಬೇಕೆಂದು ಅವರಿಗೆ ಹೇಳಿ ಬಂದಿದ್ದೆ. ಕಳಿಸುತ್ತಿದ್ದರು. ಫೋಟೋದಲ್ಲಿ ಹುಳ, ಸೊಪ್ಪು, ಒಮ್ಮೊಮ್ಮೆ ಅಂಚಿನಲ್ಲಿ ಅವರ ಹೆಬ್ಬೆರಳು.

ಜೋಧಪುರದಲ್ಲಿ ಇಳಿದಾಗ ಗಾಳಿ ಎಷ್ಟು ಒಣಗಿತ್ತೆಂದರೆ, ಮನೆ ಸೇರುವಷ್ಟರಲ್ಲಿ ತುಟಿ ಒಡೆದಿತ್ತು. ರೂಪ ಬಿಸಿಬಿಸಿ ಮುದ್ದೆ ಮಾಡಿದ್ದಳು. ಮಾಗಡಿಯಿಂದ ಇಷ್ಟು ದೂರ ಬಂದು ಮುದ್ದೆ ತಿನ್ನಬೇಕೇ ಎಂದು ಶಿವರಾಜ ರೇಗಿಸಿದ. ನಾನು ತಂದ ರಾಗಿಹಿಟ್ಟಿನ ಚೀಲವನ್ನು ಅವನೇ ಎಲ್ಲರಿಗಿಂತ ಮೊದಲು ಬಿಚ್ಚಿದ್ದ.

ಗುರುವಾರ ಬೆಳಿಗ್ಗೆ ಏಳಕ್ಕೆ ಕಾರು ಹೊರಟಿತು. ಜೈಸಲ್ಮೇರಿಗೆ ಸುಮಾರು ಇನ್ನೂರ ಎಂಬತ್ತು ಕಿಲೋಮೀಟರ್. ಮುಂದೆ ಶಿವರಾಜ, ರೂಪ. ಹಿಂದೆ ಒಂದು ಕಿಟಕಿಗೆ ಚಿನ್ನಿ, ಇನ್ನೊಂದು ಕಿಟಕಿಗೆ ನಾನು. ನಡುವಿನ ಸೀಟು ಅವರದು ಎಂದು ನಾನೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದೆ. ಚಿನ್ನಿ ಅಲ್ಲಿ ತನ್ನ ಸ್ವೆಟರು, ಚಿಪ್ಸು, ನೀರಿನ ಬಾಟಲಿ ಹರಡಿದಾಗಲೆಲ್ಲ ನಾನು ಎತ್ತಿ ಕೆಳಗಿಡುತ್ತಿದ್ದೆ. ಒಂಬತ್ತು ವರ್ಷದ ಹುಡುಗಿ, ಎರಡು ಸಲ ಸುಮ್ಮನಿದ್ದು ಮೂರನೇ ಸಲ ಕೇಳಿಯೇ ಬಿಟ್ಟಳು, ಅತ್ತೆ, ಇಲ್ಲಿ ಯಾರು ಕೂತಿದ್ದಾರೆ ಎಂದು. ರೂಪ ತಿರುಗಿ ನೋಡಿ ನಕ್ಕಳು. ನನಗೆ ನಾಚಿಕೆಯಾಯಿತು, ಈ ವಯಸ್ಸಿನಲ್ಲಿ.

ದಾರಿ ನೇರ. ಎರಡು ಕಡೆಯೂ ಮರಳು, ಅಲ್ಲಲ್ಲಿ ಖೇಜ್ರಿ ಮರ, ಸೊಪ್ಪನ್ನೆಲ್ಲ ಮೇವಿಗೆ ಕಡಿದು ಬೋಳು ಮಾಡಿದ್ದು. ಮರ ಕಡಿದ ರೀತಿ ನೋಡಿದರೆ ಕೈ ಪಳಗಿದವರ ಕೆಲಸ ಎಂದು ತಿಳಿಯುತ್ತಿತ್ತು. ಪೋಖರಣ್ ದಾಟಿ ಒಂದು ಢಾಬಾದಲ್ಲಿ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಕೇರ್ ಸಾಂಗ್ರಿ ಎಂಬ ಪಲ್ಯ ತಿಂದೆವು. ಆ ಪಲ್ಯಕ್ಕೆ ಹಾಕುವ ಸಾಂಗ್ರಿ ಕಾಯಿ ಅದೇ ಖೇಜ್ರಿ ಮರದ್ದಂತೆ. ಊಟ ಮುಗಿಸಿ ಕಾರಿಗೆ ಬಂದಾಗ ರೂಪ ಮೈಗೆ ಸೆಂಟು ಹಾಕಿಕೊಳ್ಳಲು ಬಾಟಲಿ ತೆಗೆದಳು. ಬೇಡ ಬೇಡ ಎಂದು ನಾನು ಅವಳ ಕೈ ಹಿಡಿದುಬಿಟ್ಟೆ. ಹುಳದ ಮನೆಗೆ ಸೆಂಟು, ಊದಿನಕಡ್ಡಿ, ಸೊಳ್ಳೆ ಬತ್ತಿ ಯಾವ ವಾಸನೆಯೂ ಆಗುವುದಿಲ್ಲ. ಇಲ್ಲಿ ಹುಳ ಎಲ್ಲಿದೆ ಎಂದು ನೆನಪಾದ ಮೇಲೆ ಕೈ ಬಿಟ್ಟೆ. ಶಿವರಾಜ ಜೈಸಲ್ಮೇರ್ ಬರುವವರೆಗೂ ನಗುತ್ತಿದ್ದ.

ಜೈಸಲ್ಮೇರಿನ ಕೋಟೆ ಚೆನ್ನಾಗಿದೆ. ಅರಿಶಿನದ ಬಣ್ಣದ ಕಲ್ಲು, ಒಳಗೆ ಜನ ಇನ್ನೂ ಸಂಸಾರ ಮಾಡಿಕೊಂಡಿದ್ದಾರೆ. ಆದರೆ ಸಾವನದುರ್ಗವನ್ನು ನೋಡುತ್ತ ಬೆಳೆದವಳಿಗೆ ಅದು ನಿಂತ ಗುಡ್ಡ ಗುಡ್ಡವೆನ್ನಿಸಲಿಲ್ಲ, ದಿಣ್ಣೆ ಎನ್ನಿಸಿತು. ಇದನ್ನು ಶಿವರಾಜನಿಗೆ ಹೇಳಿದೆ. ಅವನಿಗೆ ಬೇರೆಯೇ ದೂರು ಇತ್ತು.

"ಅಕ್ಕ, ಜನ ಎಲ್ಲೆಲ್ಲಿಂದ್ಲೋ ಬಂದು ಕೋಟೆ ಫೋಟೋ ತೆಗೀತಾವ್ರೆ. ನೀನ್ ನೋಡುದ್ರೆ ಹುಳದ್ ಫೋಟೋ ನೋಡ್ಕಂಡ್ ಕುಂತಿದ್ದೀಯಲ್ಲ."

ನೋಡುತ್ತಿದ್ದದ್ದು ನಿಜ. ಹುಳ ಇನ್ನೂ ಸೊಪ್ಪಿನಷ್ಟೇ ಹಸಿರಾಗಿತ್ತು.

ಮಾರನೆಯ ದಿನ ಸಮ್ ಎಂಬಲ್ಲಿನ ಮರಳ ದಿಬ್ಬಗಳ ಬಳಿ ಡೇರೆಯಲ್ಲಿ ಉಳಿದೆವು. ಒಂಟೆ ಸವಾರಿಗೆ ತಲೆಗೆ ಮುನ್ನೂರು ರೂಪಾಯಿ ಹೇಳಿದರು, ರೂಪ ಹಿಂದಿಯಲ್ಲಿ ಜಗಳಕ್ಕೆ ನಿಂತು ಇನ್ನೂರಕ್ಕೆ ಇಳಿಸಿದಳು. ಒಂಟೆ ಮೇಲೆ ಕೂತು ದಿಬ್ಬ ಹತ್ತುವಾಗ ನನ್ನ ಜೀವ ಬಾಯಿಗೆ ಬಂದಿತ್ತು. ಮೇಲಿನಿಂದ ನೋಡಿದರೆ ಕಣ್ಣು ಹರಿಯುವವರೆಗೂ ಮರಳು, ಗಾಳಿ ಬರೆದ ಗೆರೆಗಳು. ಇಷ್ಟು ದೊಡ್ಡದನ್ನು ಒಬ್ಬಳೇ ನೋಡುತ್ತಿದ್ದೇನಲ್ಲ ಎನ್ನಿಸಿತು. ಪಕ್ಕದಲ್ಲಿ ತಮ್ಮನಿದ್ದ, ನಾದಿನಿಯಿದ್ದಳು, ಚಿನ್ನಿ ಕಿರುಚುತ್ತಿದ್ದಳು, ಆದರೂ ಒಬ್ಬಳೇ ಎನ್ನಿಸಿತು. ಬೆಳಗಿನ ಜಾವ ಎಚ್ಚರವಾದಾಗ ಗಾಳಿಗೆ ಮರಳು ಡೇರೆಯ ಬಟ್ಟೆಗೆ ಸಣ್ಣಗೆ ಬಡಿಯುತ್ತಿತ್ತು. ನಾಲ್ಕನೇ ಜ್ವರ ಕಳೆದ ಹುಳ ಸೊಪ್ಪು ತಿನ್ನುವಾಗ ಹುಳದ ಮನೆಯಲ್ಲಿ ಥೇಟ್ ಅದೇ ಸದ್ದು. ಸೊಪ್ಪಿಗೆ ಹೊತ್ತಾಯಿತೆಂದು ಎದ್ದು ಕೂತುಬಿಟ್ಟೆ.

ಶನಿವಾರ ಬಾಡಮೇರಿನ ದಾರಿಯಲ್ಲಿ ಕಾರಿಗೆ ಕುರಿಗಳು ಅಡ್ಡ ಬಂದವು. ನೂರಾರು ಇದ್ದವು. ಅವು ದಾಟುವವರೆಗೆ ಇಳಿದು ನಿಂತೆವು. ಮೊಣಕೈವರೆಗೆ ಬಿಳಿ ಬಳೆ ತೊಟ್ಟ ಹೆಂಗಸೊಬ್ಬಳು ತಲೆ ಮೇಲೆ ಸೌದೆ ಹೊತ್ತು ರಸ್ತೆ ಬದಿಯಲ್ಲಿ ನಿಂತಿದ್ದಳು. ನನ್ನ ತಾಳಿ ನೋಡಿ, ನಿನ್ನ ಗಂಡ ಎಲ್ಲಿ ಎಂದು ಕೇಳಿದಳಂತೆ, ಶಿವರಾಜ ತಿಳಿಸಿ ಹೇಳಿದ. ಹುಳದ ಹತ್ತಿರ ಇದ್ದಾರೆ ಎಂದೆ. ಅದನ್ನು ಅವನು ಹಿಂದಿಯಲ್ಲಿ ಹೇಗೆ ಹೇಳಿದನೋ, ಅವಳು ತಿರುಗಿ ಕೇಳಿ ಕೇಳಿ ಅರ್ಥ ಮಾಡಿಕೊಂಡಳು. ಅವಳ ಗಂಡ ಕುರಿ ಹೊಡೆದುಕೊಂಡು ದೀಪಾವಳಿ ಆದ ಮೇಲೆ ಮೇವಿನ ಕಡೆಗೆ ಹೋದವನು, ಮಳೆ ಬಂದ ಮೇಲೆ ತಿರುಗಿ ಬರುತ್ತಾನಂತೆ. ಇವು ಬೇರೆಯವರ ಕುರಿ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ಇಬ್ಬರಿಗೂ ನಗು ಬಂತು. ಹೊರಡುವಾಗ ಅವಳು ನನ್ನ ಕೆನ್ನೆ ಮುಟ್ಟಿದಳು. ಒರಟು ಕೈ, ಸೊಪ್ಪು ಕೊಯ್ಯುವ ನನ್ನ ಕೈಯ ಹಾಗೆಯೇ.

ಭಾನುವಾರ ಬಾಡಮೇರಿನಿಂದ ಭುಜ್‌ಗೆ ನಾನೂರು ಕಿಲೋಮೀಟರಿಗೂ ಹೆಚ್ಚು, ಹತ್ತು ಗಂಟೆ ಹಿಡಿಯಿತು. ಸಾಂಚೋರ್ ದಾಟಿ ಗುಜರಾತಿಗೆ ಬಂದ ಮೇಲೆ ಮರಳು ಕಡಿಮೆಯಾಗಿ ಬಿರುಕು ಬಿಟ್ಟ ಉಪ್ಪು ನೆಲ ಶುರುವಾಯಿತು. ರಸ್ತೆಯ ಬದಿಯಲ್ಲಿ ಉಪ್ಪನ್ನು ಗುಡ್ಡೆ ಗುಡ್ಡೆ ಹಾಕಿದ್ದರು. ಸಂಜೆ ಭುಜ್‌ನಲ್ಲಿ ಕಾರು ನಿಲ್ಲಿಸಿದಾಗ ಫೋನು ಬಂತು. ಆ ಹೊತ್ತಿಗೆ ಹುಳ ಹಣ್ಣಾಗಿರಬೇಕಿತ್ತು. ಬೆಳಗಿನ ಫೋಟೋದಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ತಿರುಗಿದ್ದವು, ಅಷ್ಟೇ.

"ಏನ್ ಮಾಡನೆ, ಚಳಿ ಬುಡಂಗಿಲ್ಲ," ಎಂದರು. "ನಾಳೀಕೂ ಅನುಮಾನ ಕಣೆ."

ಹುಳ ಒಟ್ಟಿಗೆ ಹಣ್ಣಾಗಲು ಸೊಪ್ಪಿನ ಮೇಲೆ ಚಿಮುಕಿಸುವ ಔಷಧಿ ಒಂದಿದೆ. ಹುಳ ಪೂರ್ತಿ ತಿನ್ನುವ ಮೊದಲೇ ಅದನ್ನು ಕೊಟ್ಟರೆ ಹಣ್ಣೇನೋ ಆಗುತ್ತದೆ, ಗೂಡು ಮಾತ್ರ ತೆಳುವಾಗುತ್ತದೆ. ಮಾರ್ಕೆಟ್ಟಿನಲ್ಲಿ ಅಂಥ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಪಕ್ಕಕ್ಕಿಡುತ್ತಾರೆ. ಗೂಡಿನ ವಿಷಯದಲ್ಲಿ ನಮ್ಮನೆಯವರಿಗೆ ಜಂಬ ಜಾಸ್ತಿ, ನೂಲು ತೆಗೆಯುವ ರೀಲರುಗಳು ಹೆಸರು ಹಿಡಿದು ಕರೆಯುತ್ತಾರೆ ಎಂದು. ಔಷಧಿ ಕೊಟ್ಟು ಬನ್ನಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಹೀಟರು ಹತ್ತಿರ ಇಡಿ, ಕಿಟಕಿಗೆ ಗೋಣಿ ಕಟ್ಟಿ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಸೋಮವಾರ ಮಾಂಡವಿ ಮುಟ್ಟಿದೆವು. ಭುಜ್‌ನಿಂದ ಅರವತ್ತು ಕಿಲೋಮೀಟರ್. ರೆಸಾರ್ಟು ಎಂದರೆ ಗಾಳಿ ಮರಗಳ ನಡುವೆ ಹತ್ತಿಪ್ಪತ್ತು ಸಣ್ಣ ಕೋಣೆಗಳು, ಮುಂದೆ ಹುಲ್ಲು, ಮರಗಳ ಆಚೆ ಸಮುದ್ರ. ಕಾಣುತ್ತಿರಲಿಲ್ಲ, ಸದ್ದು ಕೇಳುತ್ತಿತ್ತು. ಚೀಲ ಇಳಿಸುತ್ತಲೇ ಎಲ್ಲರೂ ಓಡಿದರು. ನಾನು ಹೋಗಲಿಲ್ಲ. ನೋಡಿದರೆ ಇಬ್ಬರೂ ಸೇರಿ ನೋಡುವುದು ಎಂದು ಹಟ. ರೂಪ ಬಂದು ಕರೆದಳು, ಚಿನ್ನಿ ಕೈ ಹಿಡಿದು ಎಳೆದಳು. ಇಷ್ಟು ದೂರ ಬಂದು ನೂರು ಹೆಜ್ಜೆ ನಡೆಯಲು ಒಲ್ಲೆ ಎನ್ನುವವಳನ್ನು ತಾನು ಎಲ್ಲೂ ಕಂಡಿಲ್ಲ ಎಂದು ಶಿವರಾಜ ಬೈದ. ಬೈಯಲಿ ಎಂದು ಕೋಣೆಯ ಮೆಟ್ಟಿಲ ಮೇಲೆ ಕೂತೆ. ಆ ಸದ್ದು ಕೇಳಿಕೊಂಡು ಕೂತಿರುವುದು ಸುಲಭವಾಗಿರಲಿಲ್ಲ. ಸಂಜೆ ಊರೊಳಗೆ ಹೋಗಿ ದಾಬೇಲಿ ತಿಂದು, ನದಿ ದಡದಲ್ಲಿ ಮರದ ಹಡಗು ಕಟ್ಟುವುದನ್ನು ನೋಡಿಕೊಂಡು ಬಂದೆವು. ನಮ್ಮ ಊರಿನ ದೊಡ್ಡ ಕಲ್ಯಾಣ ಮಂಟಪದಷ್ಟು ಎತ್ತರದ ಹಡಗು. ಅಲ್ಲಿರುವಾಗ ಫೋನಿಗೆ ಒಂದು ಫೋಟೋ ಬಂತು. ಚಂದ್ರಿಕೆಗಳು ಸಾಲಾಗಿ ನಿಂತಿದ್ದವು, ಹುಳ ಎಲ್ಲ ಮೇಲೆ ಹತ್ತಿದ್ದವು. ಹಿಂದೆಯೇ ಒಂದು ಸಾಲು, ಏರ್‌ಪೋರ್ಟಿಗೆ ಹೊರಟಿದ್ದೇನೆ ಎಂದು. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ವಿಮಾನದಲ್ಲಿ ಅಹಮದಾಬಾದ್, ಅಲ್ಲಿಂದ ಬಸ್ಸಿನಲ್ಲಿ ನಾನೂರು ಕಿಲೋಮೀಟರ್. ಮಂಗಳವಾರ ಮಧ್ಯಾಹ್ನ ಎರಡಕ್ಕೆ ಆಟೋದಿಂದ ಇಳಿದರು. ಶರಟಿನ ಮೇಲೆ ಸ್ವೆಟರು, ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಉಳಿದದ್ದೆಲ್ಲ ಮಾಗಡಿ ಅವರೆಕಾಯಿ, ಭಾವಮೈದನಿಗೆ. ಸೊಪ್ಪಿನ ಕಪ್ಪು ಇನ್ನೂ ಬೆರಳಿನಲ್ಲಿತ್ತು. ಕಣ್ಣು ಕೆಂಪಾಗಿ ಗುಳಿ ಬಿದ್ದಿತ್ತು. ಹುಳ ಒಂದೇ ದಿನದಲ್ಲಿ ಹೇಗೆ ಹಣ್ಣಾಯಿತು ಎಂದು ನಾನು ಕೇಳಲಿಲ್ಲ, ಅವರಾಗಿಯೇ ಹೇಳಿದರು.

"ಔಷಧಿ ಕೊಟ್ಬುಟ್ಟೆ. ಗೂಡು ಒಸಿ ತೆಳ್ಳಗಾಯ್ತವೆ."

ಅಷ್ಟು ಹೇಳಿ ಕೈಕಾಲು ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳಿದರು. ನಾನು ನಲ್ಲಿ ತೋರಿಸಿದೆ.

ಇಬ್ಬರೂ ಗಾಳಿ ಮರಗಳ ನಡುವೆ ನಡೆದು ದಡಕ್ಕೆ ಬಂದೆವು. ಮುಂದೆ ನೀರು. ಅವರು ಒಂದು ಕ್ಷಣ ನಿಂತು ನೋಡಿ, "ದೊಡ್ದಾಗೈತೆ ಕಣೆ," ಎಂದರು. ದಡದಲ್ಲಿ ಒರಗು ಕುರ್ಚಿ ಹಾಕಿದ್ದರು. ಒಸಿ ಕೂರುತ್ತೇನೆ ಎಂದು ಕೂತರು. ಟೀ ತರಲೆಂದು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ತಲೆ ಹಿಂದಕ್ಕೆ ವಾಲಿಸಿ, ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದರು.

ಕೊನೆಯ ನಾಲ್ಕು ದಿನ ಹುಳ ಎಷ್ಟು ತಿನ್ನುತ್ತದೋ ಅಷ್ಟು ಸೊಪ್ಪನ್ನು ಇಬ್ಬರು ಹಾಕುವುದೇ ಕಷ್ಟ. ಒಬ್ಬರೇ ಹಾಕಿದ್ದರು. ಅವರನ್ನು ಎಬ್ಬಿಸಬಾರದೇ ಅತ್ತಿಗೆ, ನಾಳೆ ಬೆಳಗಾಗುವ ಮುಂಚೆ ಹೊರಡಬೇಕಲ್ಲ ಎಂದು ರೂಪ ಮೆಲ್ಲಗೆ ಕೇಳಿದಳು. ನಿಜ. ಶಿವರಾಜ ಮಾರನೆಯ ದಿನವೇ ಜೋಧಪುರ ಸೇರಬೇಕಿತ್ತು, ನಮಗೆ ಭುಜ್‌ನಿಂದ ಆರು ಗಂಟೆಯ ಬಸ್ಸಿತ್ತು, ಊರಲ್ಲಿ ಗೂಡು ಬಿಡಿಸುವುದಿತ್ತು. ಸಮುದ್ರಕ್ಕೆಂದು ಉಳಿದದ್ದು ಅದೊಂದೇ ಸಂಜೆ.

"ಜ್ವರಕ್ಕೆ ಕುಂತವ್ರೆ ರೂಪಾ, ಮುಟ್ಬ್ಯಾಡ," ಎಂದೆ.

ನಾಲ್ಕು ಗಂಟೆಯ ಹೊತ್ತಿಗೆ ಇಳಿಬಿಸಿಲು ಅವರ ಮುಖಕ್ಕೆ ಬೀಳತೊಡಗಿತು. ಹುಬ್ಬು ಗಂಟಿಕ್ಕಿಕೊಂಡರು, ಏಳಲಿಲ್ಲ. ನನ್ನ ಕುರ್ಚಿಯನ್ನು ಎತ್ತಿ ಅವರ ಎದುರಿಗೆ ಇಟ್ಟುಕೊಂಡೆ, ನನ್ನ ನೆರಳು ಅವರ ಮುಖದ ಮೇಲೆ ಬೀಳುವ ಹಾಗೆ. ಹೊತ್ತು ಸರಿದಂತೆ ನಾನೂ ಕುರ್ಚಿ ಸರಿಸುತ್ತಿದ್ದೆ. ಸೆರಗು ಗಾಳಿಗೆ ಹಾರದಂತೆ ಹಿಡಿದುಕೊಂಡಿದ್ದೆ. ಚಿನ್ನಿ ಓಡಿ ಬಂದು ಒಂಟೆ ನೋಡು ಎನ್ನುತ್ತಿದ್ದಳು, ದೂರದಲ್ಲಿ ಹಡಗು ನೋಡು, ಸೂರ್ಯ ನೀರಿಗೆ ಇಳಿಯುತ್ತಿದ್ದಾನೆ ನೋಡು ಎನ್ನುತ್ತಿದ್ದಳು. ಹೂಂ, ನೋಡಿದೆ ಎನ್ನುತ್ತಿದ್ದೆ. ಅವರ ಕಿವಿಯ ಹತ್ತಿರ ಕೂದಲು ಇಷ್ಟು ಬೆಳ್ಳಗಾಗಿರುವುದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಒಬ್ಬರನ್ನೊಬ್ಬರು ನೋಡುವುದು ಸೊಪ್ಪಿನ ಹೊರೆಯ ಎರಡು ಕಡೆಯಿಂದ.

ಎದ್ದಾಗ ಕತ್ತಲಾಗುತ್ತಿತ್ತು. ಇಳಿತಕ್ಕೆ ನೀರು ಬಹಳ ದೂರ ಸರಿದಿತ್ತು, ಮುಂದೆ ಬರೀ ಒದ್ದೆ ಮರಳು. ಗಾಬರಿಯಾಗಿ ಸುತ್ತ ನೋಡಿ, ನೀರು ಎಲ್ಲಿ ಹೋಯಿತು ಎಂದು ಕೇಳಿದರು. ಯಾ‌ಕೆ ಎಬ್ಬಿಸಲಿಲ್ಲ ಎಂದು ನನ್ನ ಮೇಲೆ ರೇಗಿದರು. ಊಟಕ್ಕೆ ರೂಪ ರೆಸಾರ್ಟಿನ ಅಡುಗೆಯವನನ್ನು ಒಪ್ಪಿಸಿ ಅವರೆಕಾಳು ಸಾರು ಮಾಡಿದ್ದಳು. ಮಾರನೆಯ ದಿನ ನಾಲ್ಕೂವರೆಗೆ ಹೊರಟಾಗ ಮಂಜಿನಲ್ಲಿ ಏನೂ ಕಾಣಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಚಿನ್ನಿ ನನ್ನ ಹೆಗಲಿಗೆ, ನಾನು ಅವರ ಹೆಗಲಿಗೆ ಒರಗಿ ಭುಜ್‌ವರೆಗೆ ಹೋದೆವು. ಅಲ್ಲಿ ಬಸ್ಸು ಹತ್ತಿಸುವಾಗ ಶಿವರಾಜ ಭಾವನ ಕಾಲು ಮುಟ್ಟಿದ. ಅಸ್ಸಾಮಿನಿಂದ ಮುಂದಿನ ರಜೆ ಯಾವಾಗ ಎಂದು ಅವನಿಗೂ ತಿಳಿಯದು.

ಅಹಮದಾಬಾದಿನಿಂದ ರೈಲು. ಗುರುವಾರ ಇಡೀ ದಿನ ಅವರು ಕಿಟಕಿಗೆ ಕೂತು ದಾರಿಯ ಬೆಳೆಗಳನ್ನು ನೋಡುತ್ತ, ಕಬ್ಬು ಚೆನ್ನಾಗಿದೆ, ಜೋಳ ಸುಮಾರು ಎನ್ನುತ್ತಿದ್ದರು. ಎರಡು ಸಲ ಪುಟ್ಟತಾಯಮ್ಮನಿಗೆ ಫೋನ್ ಮಾಡಿದರು. ಗೂಡು ಕಟ್ಟಿವೆ, ಬೆಳ್ಳಗೆ ಕಾಣುತ್ತಿವೆ ಎಂದರಂತೆ. ಸಂಜೆ ಟೀ ಕುಡಿಯುವಾಗ ಇದ್ದಕ್ಕಿದ್ದಂತೆ ಕೇಳಿದರು.

"ನಾನ್ ಮನಗಿದ್ದಾಗ ಸಮುದ್ರ ಹೆಂಗಿತ್ತು? ಒಸಿ ಹೇಳು, ಕೇಳ್ತೀನಿ."

ಹೇಳಲು ಬಾಯಿ ತೆರೆದೆ.

"ನಾನೂ ನೋಡ್ಲಿಲ್ಲ ಕಣ್ರೀ. ನಿಮ್ ಮಕಕ್ಕೆ ಬಿಸ್ಲು ಬೀಳ್ತಿತ್ತು, ಅಡ್ಡ ಕುಂತಿದ್ದೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಲೋಟ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು. ಆಮೇಲೆ ಫೋನ್ ತೆಗೆದು, ಮುಂದಿನ ಬೆಳೆಗೆ ಮರಿಹುಳ ಬೇಡ ಎಂದು ಹೇಳಿಬಿಡುತ್ತೇನೆ ಎಂದರು. ಎಷ್ಟು ವರ್ಷದಿಂದ ಕಾದ ಮಾತು ಅದು. ಆದರೆ ನನ್ನ ಬಾಯಿಂದ ಬಂದದ್ದು, ತೋಟದಲ್ಲಿ ಸೊಪ್ಪು ಬಲಿತುಹೋಗುತ್ತದಲ್ಲ ಎಂಬ ಮಾತು.

"ಬಲೀಲಿ ಬುಡು," ಎಂದರು. ಒಂದೆಲೆ ಸೊಪ್ಪು ನೆಲಕ್ಕೆ ಬಿದ್ದರೆ ಬಗ್ಗಿ ಎತ್ತುವ ಮನುಷ್ಯ.

ಆ ಕಡೆ ಮರಿಹುಳ ಕೊಡುವವನು ನಂಬಿರಲಿಕ್ಕಿಲ್ಲ. ಸೊಪ್ಪಿಗೆ ರೋಗ ಬಂತೇ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದೆಲ್ಲ ಕೇಳುತ್ತಿದ್ದ. ಇವರು ಎಲ್ಲಕ್ಕೂ ಇಲ್ಲ, ಇಲ್ಲ ಎನ್ನುತ್ತಿದ್ದರು. ಕೊನೆಗೆ ರೈಲಿನ ಸದ್ದಿಗೆ ಕೇಳಿಸಲಿ ಎಂದು ಸ್ವಲ್ಪ ಜೋರಾಗಿ ಹೇಳಿದರು.

"ಸೊಪ್ಪು ಚೆಂದಾಗೈತೆ ಕಣಪ್ಪ. ನಾವಿಬ್ರೂ ಊರಲ್ಲಿರಾಕಿಲ್ಲ."